ಮೇಜಿನ ಅಡಿಯ ಅಳತೆಗಳು

ಮಾರ್ಚ್ ೬, ಬುಧವಾರ
ಹಾಸಿಗೆ ನಂಬರ್ ಹನ್ನೊಂದು, ಕಿಟಕಿ ಪಕ್ಕ

ಪ್ರೀತಿಯ ಗುಂಡಿ,

ನಿನ್ನನ್ನು ಹೀಗೆ ಕರೆದು ಇಪ್ಪತ್ತೊಂದು ವರ್ಷವಾಯಿತು. ಮೂರು ವರ್ಷದವಳಿದ್ದಾಗ ಅಮ್ಮನ ಡಬ್ಬಿಯಿಂದ ಕೋಟಿನ ಗುಂಡಿಯೊಂದನ್ನು ನುಂಗಿ ಇಡೀ ಬೀದಿಯನ್ನೇ ಹೆದರಿಸಿದವಳಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ ಹೇಳು. ಈಗ ನೀನು ನಲವತ್ತೇಳರ ಹೆಂಗಸು, ಕಾಲೇಜಿಗೆ ಹೋಗುವ ಮಗಳ ತಾಯಿ. ಹಾಗೆ ಕರೆದದ್ದಕ್ಕೆ ಮೂಗು ಮುರಿಯುತ್ತೀಯೋ ಏನೋ. ಮುರಿದುಕೋ, ಆದರೆ ಕಾಗದವನ್ನು ಕೊನೆಯವರೆಗೆ ಓದು.

ಹಾಸಿಗೆ ನಂಬರ್ ನೋಡಿ ಗಾಬರಿಯಾಗಬೇಡ. ಆಸ್ಪತ್ರೆಯಲ್ಲಿದ್ದೇನೆ, ನಿಜ. ಹೊತ್ತು ಹೊತ್ತಿಗೆ ಉಪ್ಪಿಲ್ಲದ ಊಟ, ಕೈಗೆ ಅಂಟಿಸಿದ ಒಂದು ಕೊಳವೆ, ಅಕ್ಕಪಕ್ಕದಲ್ಲಿ ಗೊರಕೆ ಹೊಡೆಯುವ ಇಬ್ಬರು ಅಜ್ಜಿಯರು. ಹೃದಯಕ್ಕೆ ಹೋಗುವ ಒಂದು ರಕ್ತನಾಳ ಸ್ವಲ್ಪ ಕಿರಿದಾಗಿದೆಯಂತೆ. ಒಂದೇ ಒಂದು. ಸಣ್ಣ ರಿಪೇರಿ ಮಾಡಿ ಮನೆಗೆ ಕಳಿಸುತ್ತಾರೆ. ನನ್ನ ಸುದ್ದಿ ಇಷ್ಟೇ. ನಾನು ಬರೆಯಲು ಕೂತದ್ದು ನಿನ್ನ ವಿಷಯಕ್ಕೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಂಬರು ನನ್ನ ಬಳಿ ಇದೆ, ಪಾರ್ಸೆಲ್ಲಿನ ಮೇಲೆ ನೀನೇ ಬರೆದಿರುತ್ತೀಯ. ಆದರೆ ಬಾಯಲ್ಲಿ ಸುಳ್ಳು ಹೇಳುವುದು ನನಗೆ ಬಹಳ ಸಲೀಸು. ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕದೆ, ನಿಮ್ಮದೇ ಮಷೀನಿನ ಮೇಲಿದೆ ಎಂದು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆ ಪಳಗಿಬಿಟ್ಟಿದೆ. ಕೈಯಲ್ಲಿ ಬರೆಯುವಾಗ ಅಷ್ಟು ಸುಲಭವಾಗುವುದಿಲ್ಲ. ಅದಕ್ಕೇ ಕಾಗದ.

ಇಲ್ಲಿ ಮಲಗಿ ಕಣ್ಣು ಮುಚ್ಚಿದರೆ ಸಾಕು, ನಮ್ಮ ಅಂಗಡಿಯ ಆ ಮುಂದಿನ ಕೋಣೆ ಬಂದುಬಿಡುತ್ತದೆ. ಈಗಿರುವ ಹಾಗಲ್ಲ, ಆಗ ಇದ್ದ ಹಾಗೆ. ಬೀದಿಗೆ ತೆರೆಯುವ ಎರಡು ಬಾಗಿಲು, ಕಿಟಕಿಯ ಕೆಳಗೆ ಅಮ್ಮನ ಕರಿಯ ಮಷೀನು, ಎದುರಿಗೆ ನನ್ನದು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೇಜಿನ ಅಡಿ ಪೂರ್ತಿ ನಿನ್ನ ರಾಜ್ಯ. ಚಿಂದಿಯ ರಾಶಿಯ ಮೇಲೆ ಮಲಗಿ ಪಾಠ ಓದುತ್ತಿದ್ದೆ, ಅಯಸ್ಕಾಂತ ಹಿಡಿದು ಬಿದ್ದ ಗುಂಡುಸೂಜಿಗಳನ್ನು ಹೆಕ್ಕುತ್ತಿದ್ದೆ, ನಿದ್ದೆ ಬಂದರೆ ಅಲ್ಲೇ ಸುರುಳಿ ಸುತ್ತಿಕೊಳ್ಳುತ್ತಿದ್ದೆ. ಇಸ್ತ್ರಿಯ ಹಬೆ, ಮಷೀನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ಇವೆಲ್ಲ ಸೇರಿದ ಆ ವಾಸನೆ ನಮ್ಮ ತಲೆಗೂದಲಿಗೂ ಹತ್ತಿಕೊಂಡಿತ್ತು. ಅಮ್ಮ ರೇಡಿಯೋದ ಹಾಡಿಗೆ ಸರಿಯಾಗಿ ಪೆಡಲ್ ತುಳಿಯುತ್ತಿದ್ದಳು. ಕುಣಿಯುವ ಹಾಡು ಬಂದರೆ ತೋಳೆರಡೂ ಒಂದೇ ಉಸಿರಿಗೆ ಮುಗಿಯುತ್ತಿದ್ದವು. ಅಳುವ ಹಾಡು ಬಂದರೆ ಗಿರಾಕಿ ನಾಳೆ ಬರಬೇಕಾಗುತ್ತಿತ್ತು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ್ದು ಆ ಮಷೀನು. ಆದರೂ ಆ ಕೋಣೆಯಲ್ಲಿ ಬಡತನದ ನೆನಪು ನನಗೆ ಒಂದೂ ಇಲ್ಲ. ನಗುವಿನ ನೆನಪೇ ಹೆಚ್ಚು.

ನೀನು ಅಂಕಿ ಬರೆಯಲು ಕಲಿತ ಮೇಲೆ ಮೇಜಿನ ಅಡಿಯಿಂದ ನಿನಗೆ ಬಡ್ತಿ ಸಿಕ್ಕಿತು. ಅಳತೆ ಪುಸ್ತಕ ನಿನ್ನ ಕೈಗೆ ಬಂತು. ಅದರೊಂದಿಗೆ ಅಮ್ಮನ ಗುಟ್ಟೂ ಬಂತು. ಹೆಂಗಸಿನ ಸೊಂಟದ ಅಳತೆಯನ್ನು ನಾಲ್ಕು ಜನರ ಮುಂದೆ ಕೂಗಬಾರದು ಎನ್ನುವುದು ನಮ್ಮ ಅಂಗಡಿಯ ಕಟ್ಟುನಿಟ್ಟು. ಅದಕ್ಕೇ ಅವಳು ಟೇಪು ಹಿಡಿದು ಕಳೆದ ವರ್ಷದ ಅಂಕಿಯನ್ನೇ ಜೋರಾಗಿ ಹೇಳುವಳು, ಆಮೇಲೆ ಏನೂ ಅರಿಯದವಳ ಹಾಗೆ ಕತ್ತರಿಯ ಹಿಡಿಯಿಂದ ಮೇಜಿಗೆ ತಟ್ಟುವಳು. ಇಂಚಿಗೊಂದು ಪೆಟ್ಟು. ಅರ್ಧ ಇಂಚಾದರೆ ಕತ್ತರಿಯನ್ನು ಮರದ ಮೇಲೆ ಸರ್ರನೆ ಒಮ್ಮೆ ಎಳೆಯುವಳು. ನೀನು ಕೂಡಿಸಿ ನಿಜವಾದ ಅಳತೆ ಬರೆದುಕೊಳ್ಳುತ್ತಿದ್ದೆ. ನಿನ್ನ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದ ದಿನ ಅಮ್ಮ ಮೂವತ್ತೆರಡು ಎಂದು ಹೇಳಿ ಒಂದಾದ ಮೇಲೊಂದು ಐದು ಪೆಟ್ಟು ಕೊಟ್ಟದ್ದು, ನೀನು ಕಿಸಕ್ಕೆಂದದ್ದು, ಅಮ್ಮ ನಿನ್ನನ್ನು ದಾರ ತರುವ ನೆಪದಲ್ಲಿ ಬೀದಿಗೆ ಓಡಿಸಿದ್ದು ನೆನಪಿದೆಯಾ? ನಿನ್ನೆ ಅದನ್ನು ನೆನೆದು ಒಬ್ಬಳೇ ನಕ್ಕೆ. ಗೋಡೆಯ ಮೇಲಿನ ಯಂತ್ರ ಕಿರುಚಿಕೊಂಡು ನರ್ಸಮ್ಮ ಓಡಿ ಬಂದಳು.

ಇನ್ನೊಂದು ಗುಟ್ಟು ಪಕ್ಕದ ಹೊಲಿಗೆಯದು. ಎರಡೂ ಬದಿಗೆ ಎರಡೆರಡು ಬೆರಳು ಬಟ್ಟೆಯನ್ನು ಅಮ್ಮ ಒಳಗೆ ಮಡಚಿ ಬಿಡುತ್ತಿದ್ದಳು. ಗಿರಾಕಿ ಗುಂಡಿ ಬಿತ್ತೆಂದು ಉಡುಪು ತಂದರೆ ಗುಂಡಿಯ ಜೊತೆಗೆ ಹೇಳದೆ ಕೇಳದೆ ಪಕ್ಕವನ್ನೂ ಒಂದಿಷ್ಟು ಬಿಚ್ಚಿ ಹೊಲಿದು ಕೊಡುವಳು. ನಿಮ್ಮ ಹೊಲಿಗೆಯೇ ಹೊಲಿಗೆ, ಹತ್ತು ವರ್ಷವಾದರೂ ಮೈಗೆ ಹಾಗೇ ಕೂಡುತ್ತದೆ ಎಂದು ಅವರು ಹೊಗಳುವಾಗ ನಾವು ಮೂವರೂ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದೆವು. ಯಾರ ಮನಸ್ಸಿಗೂ ನೋವಾಗದ ಕೆಲಸ ಅದು. ನನ್ನ ಇಷ್ಟು ವರ್ಷದ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಕೈಚಳಕ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಈಗ ಅಮ್ಮನ ಮಾತಿಗೆ ಬರುತ್ತೇನೆ. ಇದು ನನಗೆ ಕಷ್ಟ, ಅದಕ್ಕೇ ಸುತ್ತಿ ಬಳಸಿ ಬರುತ್ತಿದ್ದೇನೆ.

ಅಮ್ಮನ ಅಳತೆ ತೆಗೆಯುವ ಕೆಲಸ ನನ್ನದಾಗಿತ್ತು. ವರ್ಷಕ್ಕೊಂದು ಹೊಸ ಉಡುಪು ನನ್ನಿಂದ ಹೊಲಿಸಿಕೊಂಡು ಅವಳು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಮ್ಮ ಅಂಗಡಿಗೆ ಬೇರೆ ಗೊಂಬೆ ಬೇಕಿರಲಿಲ್ಲ. ಇಪ್ಪತ್ತೊಂಬತ್ತು ಇಂಚು ಸೊಂಟ, ಇಬ್ಬರು ಮಕ್ಕಳ ಮೇಲೂ ಕದಲಲಿಲ್ಲ ಎಂದು ಅವಳಿಗೆ ಎಷ್ಟು ಹೆಮ್ಮೆ ಎನ್ನುವುದು ನಿನಗೆ ಗೊತ್ತೇ ಇದೆ. ಅವಳಿಗೆ ನಲವತ್ತೆಂಟೋ ನಲವತ್ತೊಂಬತ್ತೋ ಆದ ವರ್ಷ, ಮುಟ್ಟು ನಿಂತ ಹೊಸತರಲ್ಲಿ, ನಾನು ಟೇಪು ಸುತ್ತಿದೆ. ಮೂವತ್ತೂವರೆ ಬಂತು. ಕನ್ನಡಿಯಲ್ಲಿ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಇಪ್ಪತ್ತೊಂಬತ್ತು ಎಂದು ಬಂದುಬಿಟ್ಟಿತು. ಕತ್ತರಿ ತಟ್ಟುವ ಹಾಗಿಲ್ಲ. ಆ ಭಾಷೆ ಅವಳದ್ದೇ ತಾನೆ? ನೀನು ಪುಸ್ತಕದಲ್ಲಿ ಇಪ್ಪತ್ತೊಂಬತ್ತು ಎಂದೇ ಬರೆದೆ. ಅವಳು ಆ ದಿನವಿಡೀ ಹಾಡಿಕೊಂಡು ಕೆಲಸ ಮಾಡಿದಳು, ಸಂಜೆ ತಾನೇ ಟೀ ಮಾಡಿ ನನ್ನ ಮಷೀನಿನ ಬಳಿಗೆ ತಂದುಕೊಟ್ಟಳು. ಅಷ್ಟು ಸಂತೋಷ ಒಂದು ಸುಳ್ಳಿಗೆ ಸಿಗುವುದಾದರೆ ಯಾವ ಮಗಳು ತಾನೇ ನಿಜ ಹೇಳಿಯಾಳು?

ಅಲ್ಲಿಂದ ಪ್ರತಿ ವರ್ಷ ಹಾಗೇ ಆಯಿತು. ಅವಳ ಹಳೆಯ ಉಡುಪುಗಳನ್ನೆಲ್ಲ ಇಸ್ತ್ರಿ ಮಾಡುವ ನೆಪದಲ್ಲಿ ತೆಗೆದುಕೊಂಡು ಅವಳ ಕಣ್ಣು ತಪ್ಪಿಸಿ ಬಿಚ್ಚಿ ಹೊಲಿದೆ. ಆದರೆ ಹೊಲಿಯುವವಳಿಗೆ ನಿಜವಾದ ಅಳತೆ ಎಲ್ಲಾದರೂ ಬೇಕಲ್ಲ. ಪುಸ್ತಕ ನಿನ್ನ ಕೈಯಲ್ಲಿ. ಅದಕ್ಕೇ ನಾನು ಮೇಜಿನ ಅಡಿಗೆ ತೂರಿ, ಹಲಗೆಯ ಒಳಮೈಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ. ಅಷ್ಟು ಹೊತ್ತಿಗೆ ನೀನು ಬೆಳೆದು ದೊಡ್ಡವಳಾಗಿದ್ದೆ, ಮೇಜಿನ ಅಡಿಗೆ ಬರುವವರು ಯಾರೂ ಇರಲಿಲ್ಲ.

ಮೆಟ್ಟಿಲಿನ ಕುರ್ಚಿ ಜ್ಞಾಪಕವಿದೆಯಾ? ಅಂಗಡಿಯಿಂದ ಮೇಲಿನ ಮನೆಗೆ ಇಪ್ಪತ್ತೆರಡು ಮೆಟ್ಟಿಲು, ನಡುವೆ ತಿರುವಿನಲ್ಲಿ ಒಂದು ಸಣ್ಣ ಕಿಟಕಿ. ಒಂದು ದಿನ ಅಮ್ಮ ಅಲ್ಲೊಂದು ಬೆತ್ತದ ಕುರ್ಚಿ ಇಟ್ಟಳು. ಬೀದಿ ನೋಡಲು ಚೆನ್ನಾಗಿರುತ್ತದೆ ಎಂದಳು. ಅವಳು ಅಲ್ಲಿ ಕೂತು ಬೀದಿ ನೋಡುವುದು ನಮಗೆ ಎಷ್ಟು ಚಂದ ಕಾಣುತ್ತಿತ್ತೆಂದರೆ, ಅವಳು ಎದ್ದ ಕೂಡಲೇ ನಾನು ತಾನು ಎಂದು ನಾವಿಬ್ಬರೂ ಆ ಕುರ್ಚಿಗೆ ಜಗಳವಾಡುತ್ತಿದ್ದೆವು. ಅವಳಿಗೆ ಉಸಿರು ಸಾಲುತ್ತಿಲ್ಲ ಎಂದು ಮೊದಲು ಕಂಡುಹಿಡಿದವಳು ನೀನು. ಡಾಕ್ಟರಿಗೆ ತೋರಿಸೋಣ, ಅಮ್ಮ ದಪ್ಪವೂ ಆದ ಹಾಗಿದೆ ಎಂದೆ. ನಾನು ಅಳತೆ ಪುಸ್ತಕ ತೆಗೆದು ನಿನ್ನ ಮುಂದೆ ಹಿಡಿದೆ. ನಾಲ್ಕು ವರ್ಷದಿಂದ ನಿನ್ನದೇ ಅಕ್ಷರದಲ್ಲಿ ಇಪ್ಪತ್ತೊಂಬತ್ತು. ನೀನು ಮತ್ತೆ ಡಾಕ್ಟರ ಮಾತೆತ್ತಲಿಲ್ಲ.

ಆಮೇಲೆ ನಲ್ಲಿಯವನು ಬಂದ. ಒಂದೇ ನಲ್ಲಿಯನ್ನು ರಿಪೇರಿ ಮಾಡಲು ಆರು ಸಲ ಬಂದ ಮನುಷ್ಯನನ್ನು ನಾನು ಮತ್ತೆಲ್ಲೂ ಕಂಡಿಲ್ಲ. ರಿಪೇರಿಯಾದ ನಲ್ಲಿಯನ್ನು ಮತ್ತೆ ಸಡಿಲ ಮಾಡುತ್ತಿದ್ದವಳು ನೀನೇ ಎಂದು ನಾಲ್ಕನೇ ಸಲಕ್ಕೇ ನನಗೆ ಗೊತ್ತಾಗಿತ್ತು, ಹೇಳಲಿಲ್ಲ. ಅಂಗಡಿಯನ್ನು ನಿನ್ನ ಕೈಗೆ ಕೊಡಬೇಕೆಂದು ಅಮ್ಮ ಆಸೆ ಇಟ್ಟುಕೊಂಡಿದ್ದಳು. ನಿನ್ನ ಕತ್ತರಿಯ ಕೈ ನನಗಿಂತ ಚೆನ್ನಾಗಿತ್ತು, ಅದು ನನಗೂ ಗೊತ್ತಿತ್ತು. ಹಾಗಾಗಿ ನೀನು ಅವನ ಜೊತೆ ಹೊರಟು ನಿಂತಾಗ ಅವಳು ಸಿಟ್ಟಾದಳು, ಮಾತು ಬಿಟ್ಟಳು. ಆದರೂ ನಿನಗೆಂದು ಹೊಲಿಯುತ್ತಿದ್ದ ಆ ಬೂದು ಬಣ್ಣದ ಕೋಟನ್ನು ಅರ್ಧಕ್ಕೆ ಬಿಡಲಿಲ್ಲ. ನೀನು ಹೋಗುವ ದಿನ ಪೆಟ್ಟಿಗೆಯ ಮೇಲೆ ಮಡಚಿ ಇಟ್ಟು ಮೇಲೆ ಹೋಗಿಬಿಟ್ಟಳು.

ಎಂಟು ತಿಂಗಳಿಗೆ ಅಮ್ಮ ತೀರಿಕೊಂಡಳು. ಐವತ್ತಮೂರು ವರ್ಷ. ಅಂಗಡಿಯ ಬಾಗಿಲು ತೆರೆಯಲು ಇಳಿದವಳು ಆ ಕುರ್ಚಿಯಲ್ಲಿ ಕೂತಳು, ಎದ್ದೇಳಲಿಲ್ಲ. ನೀನು ಬಂದೆ. ಮಣ್ಣು ಮಾಡಿ ಬಂದ ಮೇಲೆ ಅದೇ ಮೇಜಿನ ಆ ಕಡೆ ನೀನು, ಈ ಕಡೆ ನಾನು. ಆಗ ನಾನು ಒಂದು ಮಾತು ಹೇಳಿದೆ. ನೀನು ಮರೆತಿರುವುದಿಲ್ಲ, ನಾನೂ ಮರೆತಿಲ್ಲ.

“ನೀನು ಹೋದೆ, ಅವಳ ಎದೆ ಒಡೀತು. ಅಷ್ಟೇ.”

ನೀನು ಕೋಟು ಹಾಕಿಕೊಂಡು ಹೊರಟುಹೋದೆ. ಮರುವರ್ಷ ನಲ್ಲಿಯವನಿಂದ ಒಂದು ಕಾಗದ ಬಂತು, ನಿನಗೆ ಗೊತ್ತಿಲ್ಲದೆ ಬರೆದದ್ದಂತೆ. ಹೆಣ್ಣು ಮಗು, ಮೂರು ವಾರ ಮೊದಲೇ ಹುಟ್ಟಿತು. ಬಸಿರಿನಲ್ಲಿ ನಿನಗೆ ಬಿಪಿ ವಿಪರೀತ ಏರಿ, ಚಪ್ಪಲಿ ಹಿಡಿಸದಷ್ಟು ಕಾಲು ಊದಿತ್ತು ಎಂದು ಬರೆದಿದ್ದ. ನಾನು ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ? ನಿನ್ನ ತಲೆಯ ಮೇಲೆ ಹೊರಿಸಿದ ಹೊರೆಯನ್ನು ಇಳಿಸಬೇಕಾದರೆ ನನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಕಿತ್ತು. ಅಷ್ಟು ಧೈರ್ಯ ಇರಲಿಲ್ಲ.

ಎಂಟು ವರ್ಷದ ಹಿಂದೆ ನಿನ್ನ ಮೊದಲ ಪಾರ್ಸೆಲ್ ಬಂದಾಗ ಅಂಗಡಿಯ ನಡುವೆ ನಿಂತು ಅತ್ತುಬಿಟ್ಟೆ. ಅದೇ ಬೂದು ಕೋಟು. ಒಳಗೆ ಒಂದು ಚೀಟಿಯೂ ಇಲ್ಲ. ಪಕ್ಕದ ಹೊಲಿಗೆಯಲ್ಲಿ ಎಷ್ಟು ಬಿಚ್ಚಬೇಕೋ ಅಲ್ಲಿಗೆ ಒಂದು ಗುಂಡುಸೂಜಿ, ಅಷ್ಟೇ. ನಿಮ್ಮ ಊರಿನಲ್ಲಿ ದರ್ಜಿಗಳಿಲ್ಲವೇ? ಇದ್ದಾರೆ. ನೀನು ನನಗೇ ಕಳಿಸಿದೆ. ಬಿಚ್ಚಿ, ಹೊಲಿದು, ಇಸ್ತ್ರಿ ಮಾಡಿ ಕಳಿಸಿದೆ, ನಾನೂ ಚೀಟಿ ಇಡಲಿಲ್ಲ. ಆಮೇಲೆ ಮತ್ತೆ ಎರಡು ಸಲ ಬಂತು. ಮಾತಿಲ್ಲದೆ ನಮ್ಮಿಬ್ಬರ ನಡುವೆ ಓಡಾಡಿದ್ದು ಅಮ್ಮನ ಆ ಕೋಟೊಂದೇ.

ಇನ್ನು ನಾನು ಇಲ್ಲಿಗೆ ಬಂದ ಕಥೆ. ಎರಡು ತಿಂಗಳಿಂದ ಬೆನ್ನಿನ ಮೇಲ್ಭಾಗ ನೋಯುತ್ತಿತ್ತು. ನಲವತ್ತು ವರ್ಷ ಮಷೀನಿಗೆ ಬಗ್ಗಿದವಳಿಗೆ ಬೆನ್ನು ನೋಯದೆ ಇನ್ನೇನು ನೋಯಬೇಕು ಎಂದುಕೊಂಡೆ. ಇದ್ದಕ್ಕಿದ್ದಂತೆ ಬೆವರುತ್ತಿತ್ತು, ಅದನ್ನು ವಯಸ್ಸಿನ ಖಾತೆಗೆ ಹಾಕಿದೆ. ಒಂದು ಗುಂಡಿಯ ಕಾಜ ಹೊಲಿಯುವಷ್ಟರಲ್ಲಿ ದಣಿವು. ಬಿಪಿ ಮಾತ್ರೆ ಕೊಟ್ಟಿದ್ದರು, ಚೆನ್ನಾಗೇ ಇದ್ದೇನಲ್ಲ ಎಂದು ಹೋದ ವರ್ಷವೇ ಬಿಟ್ಟಿದ್ದೆ. ಮೆಟ್ಟಿಲಿನ ಕುರ್ಚಿ ಇನ್ನೂ ಅಲ್ಲೇ ಇದೆ ಗುಂಡಿ. ಎರಡು ತಿಂಗಳಿಂದ ನಾನೂ ಅದರಲ್ಲಿ ಕೂತು ಬೀದಿ ನೋಡುತ್ತಿದ್ದೆ. ಆ ಬೀದಿಯಲ್ಲಿ ನೋಡುವಂಥದ್ದು ಏನೂ ಇಲ್ಲ.

ಹೋದ ಗುರುವಾರ ಎಡಗಡೆಯ ದವಡೆ ಹಿಡಿದುಕೊಂಡಿತು. ಹಲ್ಲುನೋವು ಎಂದುಕೊಂಡು ಎದುರು ಸಾಲಿನ ಹಲ್ಲಿನ ಆಸ್ಪತ್ರೆಗೆ ಹೋದೆ. ಹಳೆಯ ಡಾಕ್ಟರು ಈಗಿಲ್ಲ, ಅವರ ಮಗಳು ಅದೇ ಕುರ್ಚಿಯ ಪಕ್ಕ ನಿಲ್ಲುತ್ತಾಳೆ. ನಿನ್ನ ಜೊತೆ ಓದಿದವಳು, ಜಡೆ ಉದ್ದದವಳು, ಈಗ ಜಡೆಯೂ ಇಲ್ಲ ಬಿಡು. ಬಾಯಿ ತೆರೆಸಿ ನೋಡಿದಳು, ಒಂದೊಂದೇ ಹಲ್ಲನ್ನು ತಟ್ಟಿದಳು. ಯಾವುದಾದರೂ ಒಂದನ್ನು ಕಿತ್ತುಬಿಡು ಎಂದು ನಾನೇ ಹೇಳಿದೆ. ಅವಳು ಕೈಗವಸು ಬಿಚ್ಚಿ ನನ್ನ ಮುಂದೆ ಕೂತಳು.

“ಹಲ್ಲು ಚೆನ್ನಾಗೇ ಇದೆ ಅಕ್ಕಾ. ನಿಮ್ಮಮ್ಮನ ಒಳ್ಳೇ ಹಲ್ಲು ಕಿತ್ತೆ ಅಂತ ನಮ್ಮಪ್ಪ ಸಾಯೋವರೆಗೂ ಕೊರಗಿದ್ರು. ಏಳಿ, ಈಗಲೇ ಹೃದಯದ ಡಾಕ್ಟರ ಹತ್ರ ಹೋಗೋಣ.”

ಅಮ್ಮ ತೀರಿಕೊಳ್ಳುವ ಮೂರು ವಾರ ಮೊದಲು ದವಡೆ ನೋವೆಂದು ಹಲ್ಲು ಕೀಳಿಸಿಕೊಂಡಿದ್ದಳು. ನೋವು ಹೋಗಲೇ ಇಲ್ಲ, ಡಾಕ್ಟರು ಬೇರೆ ಹಲ್ಲು ಕಿತ್ತರು ಎಂದು ಅಮ್ಮನೂ ನಾನೂ ಬೈದುಕೊಂಡೆವು. ಹೃದಯದ ನೋವೆಂದರೆ ಗಂಡಸರು ಎದೆ ಹಿಡಿದುಕೊಂಡು ಕುಸಿಯುವುದು ಎಂದೇ ನಾನು ತಿಳಿದಿದ್ದೆ. ಹೆಂಗಸರಲ್ಲಿ ಅದು ಹೀಗೆ ದವಡೆಗೆ, ಬೆನ್ನಿಗೆ, ದಣಿವಿಗೆ, ಹೊಟ್ಟೆ ತೊಳಸುವುದಕ್ಕೆ ವೇಷ ಹಾಕಿಕೊಂಡು ಬರುವುದೂ ಉಂಟಂತೆ. ನಮಗೋ ಪ್ರತಿಯೊಂದಕ್ಕೂ ಒಂದು ಕಾರಣ ಕೈಯಲ್ಲೇ ಇರುತ್ತದೆ.

ಇಲ್ಲಿಗೆ ಬಂದ ಮೊದಲ ದಿನ ನರ್ಸಮ್ಮ ನನ್ನ ಸೊಂಟಕ್ಕೆ ಟೇಪು ಸುತ್ತಿದಳು. ಟೇಪನ್ನು ಹಿಡಿಯಲೂ ಬರುವುದಿಲ್ಲ ಅವಳಿಗೆ, ಹಿಂದೆ ಸೊಟ್ಟ ಮಾಡಿಕೊಂಡಿದ್ದಳು, ನಾನೇ ಸರಿ ಮಾಡಿಕೊಟ್ಟೆ. ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ “ಮೂವತ್ತೊಂಬತ್ತೂವರೆ” ಎಂದು ಕೂಗಿದಳು. ನಾನು ಕತ್ತರಿಯ ಸದ್ದಿಗೆ ಕಾದೆ. ಬರಲಿಲ್ಲ. ಮೂವತ್ತೊಂಬತ್ತೂವರೆ ಎಂದರೆ ಮೂವತ್ತೊಂಬತ್ತೂವರೆಯೇ. ಒಂಬತ್ತು ವರ್ಷದಿಂದ ನನ್ನ ಬಟ್ಟೆಗೆಲ್ಲ ಎಲಾಸ್ಟಿಕ್ ಹಾಕಿಕೊಂಡು ನನ್ನಿಂದಲೇ ಮುಚ್ಚಿಟ್ಟುಕೊಂಡ ಅಂಕಿ ಅದು. ಮೊದಲು ನಾಚಿಕೆಯಾಯಿತು, ಆಮೇಲೆ ಏನೋ ಹಗುರವಾಯಿತು.

ಹೃದಯದ ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು, ಬಟ್ಟೆಯ ಆಯ್ಕೆ ಸಾಲದು ಆದರೆ ಕೆಲಸದಲ್ಲಿ ಗಟ್ಟಿ. ಪಕ್ಕದಲ್ಲಿ ಕೂತು ತಲೆ ತಿನ್ನುವಷ್ಟು ಪ್ರಶ್ನೆ ಕೇಳಿದಳು. ಮುಟ್ಟು ಯಾವಾಗ ನಿಂತಿತು, ಸಕ್ಕರೆ ಎಷ್ಟಿದೆ, ದಿನಕ್ಕೆ ಎಷ್ಟು ಗಂಟೆ ಕೂತೇ ಇರುತ್ತೀರಿ, ನಿದ್ದೆ ಬರುತ್ತದೆಯೇ, ಊಟಕ್ಕೆ ಮೇಲಿಂದ ಉಪ್ಪು ಹಾಕಿಕೊಳ್ಳುತ್ತೀರಾ, ಮನೆಯಲ್ಲಿ ಸಿಗರೇಟು ಸೇದುವವರಿದ್ದಾರೆಯೇ. ತಾಯಿ ಹೇಗೆ ಹೋದರು, ಆಗ ಎಷ್ಟು ವಯಸ್ಸು. ಐವತ್ತಮೂರು ಎಂದಾಗ ಅವಳ ಪೆನ್ನು ನಿಂತಿತು. ಆಮೇಲೆ ಬಸಿರಿನಲ್ಲಿ ಬಿಪಿ ಏರಿತ್ತೇ ಎಂದು ಕೇಳಿದಳು. ಬಸಿರಾದರೆ ತಾನೆ ಎಂದೆ ನಾನು. ಆದರೆ ನಲ್ಲಿಯವನ ಆ ಕಾಗದ ಕಣ್ಣ ಮುಂದೆ ಬಂದು, ತಂಗಿಗೆ ಏರಿತ್ತು ಎಂದೆ. ಹೆರಿಗೆಯಾದ ಮೇಲೆ ಬಿಪಿ ಇಳಿದರೂ ಮೈ ಅದನ್ನು ಮರೆಯುವುದಿಲ್ಲವಂತೆ. ಅಂಥವರು ಬದುಕಿನುದ್ದಕ್ಕೂ ಹೃದಯವನ್ನು ನೋಡಿಸಿಕೊಳ್ಳುತ್ತಿರಬೇಕಂತೆ. ತಂಗಿ ತೋರಿಸಿಕೊಳ್ಳುತ್ತಿದ್ದಾಳಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನನ್ನ ಒಡಹುಟ್ಟಿದವಳ ವಿಷಯ ಕೇಳಿದರೆ ನನಗೆ ಗೊತ್ತಿದ್ದದ್ದು ಒಂದು ಕೋಟಿನ ಅಳತೆ ಮಾತ್ರ.

ಒಂದನ್ನು ಬಿಟ್ಟು ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಕತ್ತರಿ, ಕುರ್ಚಿ, ಹಲ್ಲು, ನೀನು ಹೋದದ್ದು, ನಾನು ಆಡಿದ ಮಾತು. ಎಂಟು ತಿಂಗಳ ದುಃಖ ಒಂದು ಹೃದಯವನ್ನು ಹೀಗೆ ಮಾಡಬಹುದೇ ಎಂದು ಕೇಳಿದೆ. ಹಾಗೆ ನಾಳ ಕಟ್ಟಿಕೊಳ್ಳಲು ವರ್ಷಗಟ್ಟಲೆ ಬೇಕು, ನಿಮ್ಮ ತಾಯಿಗೆ ಅದು ಬಹಳ ಮೊದಲೇ ಶುರುವಾಗಿರಬೇಕು ಎಂದಳು. ನಿನ್ನ ಗಂಡನನ್ನು ಕೇಳು, ಅವನಿಗೆ ಅರ್ಥವಾಗುತ್ತದೆ. ಪೈಪಿನೊಳಗೆ ಪದರ ಕಟ್ಟುವುದು ಒಂದು ದಿನದ ಕೆಲಸವಲ್ಲವಲ್ಲ.

ನಿನ್ನೆ ಹಲ್ಲಿನ ಡಾಕ್ಟರಮ್ಮ ನನ್ನನ್ನು ನೋಡಲು ಬಂದಾಗ ಅಂಗಡಿಯ ಬೀಗದ ಕೈ ಕೊಟ್ಟು ಕಳಿಸಿದೆ. ಪಾಪ, ಆ ಹೆಣ್ಣುಮಗಳು ಬಾಯಿಯೊಳಗೆ ಬಿಡುವ ಸಣ್ಣ ದೀಪ ಹಿಡಿದು ಮೇಜಿನ ಅಡಿ ಅಂಗಾತ ಮಲಗಿ, ಹಲಗೆಯ ಮೇಲಿದ್ದದ್ದನ್ನು ಬರೆದು ತಂದಳು. ಅಕ್ಷರ ಮಾಸಿಲ್ಲವಂತೆ. ಓದು: ಮೂವತ್ತೂವರೆ, ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತೈದು. ವರ್ಷಕ್ಕೊಂದರಂತೆ ಐದು. ಮೊದಲನೆಯದನ್ನು ಬರೆದಾಗ ನಮ್ಮ ನಲ್ಲಿ ಸೋರಲು ಇನ್ನೂ ಮೂರು ವರ್ಷವಿತ್ತು. ನೀನು ಮನೆಯಲ್ಲಿದ್ದಾಗಲೇ ಐದು ಇಂಚು ಹೆಚ್ಚಾಗಿತ್ತು. ನೀನು ಹೋದ ಮೇಲೆ ಹೆಚ್ಚಾದದ್ದು ಒಂದೇ ಒಂದು. ಸೊಂಟವೊಂದೇ ಅವಳನ್ನು ಕೊಂದಿತು ಎಂದು ನಾನು ಹೇಳುತ್ತಿಲ್ಲ, ಡಾಕ್ಟರೂ ಹಾಗೆ ಹೇಳಲಿಲ್ಲ. ಹತ್ತು ಗುರುತುಗಳಲ್ಲಿ ಅದೂ ಒಂದು. ಆದರೆ ನೀನು ಅನುಮಾನಪಟ್ಟ ದಿನ ಆ ಒಂದು ಗುರುತನ್ನು ನಾನು ಬಾಯಿಬಿಟ್ಟು ಹೇಳಿದ್ದರೆ ನೀನು ಅವಳನ್ನು ಎಳೆದುಕೊಂಡಾದರೂ ಡಾಕ್ಟರ ಬಳಿಗೆ ಹೋಗುತ್ತಿದ್ದೆ.

ಕೊನೆಯ ಅಳತೆಯ ದಿನ ನಡೆದದ್ದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ನೀನು ಹೋಗಿ ಐದು ತಿಂಗಳಾಗಿತ್ತು. ಟೇಪು ಮೂವತ್ತೈದು ತೋರಿಸಿತು. ನಾನು ಎಂದಿನಂತೆ ಇಪ್ಪತ್ತೊಂಬತ್ತು ಎಂದೆ. ಅಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಮೇಜಿನ ಮೇಲಿದ್ದ ಕತ್ತರಿಯನ್ನು ಕೈಗೆ ತೆಗೆದುಕೊಂಡಳು, ನಿಧಾನವಾಗಿ ತಟ್ಟಿದಳು. ಆರು ಸಲ. ಅವಳಿಗೆ ಎಲ್ಲ ಗೊತ್ತಿತ್ತು ಗುಂಡಿ. ತನ್ನ ಬಟ್ಟೆಯ ಹೊಲಿಗೆ ಬಿಚ್ಚಿದ್ದು ತಿಳಿಯದ ದರ್ಜಿ ಎಲ್ಲಾದರೂ ಇದ್ದಾಳೆಯೇ? ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕೆ. ಅವಳೂ ನಕ್ಕಳು, ಆದರೆ ಕತ್ತರಿಯನ್ನು ಕೆಳಗಿಡಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಏನೋ ಆಗುತ್ತಿದೆ ಕಣೇ ಎಂದು ಬಾಯಲ್ಲಿ ಹೇಳಲಾಗದೆ ಹಾಗೆ ಹೇಳಿದಳೇನೋ ಎಂದು ಈಗ ಅನಿಸುತ್ತದೆ. ಇಪ್ಪತ್ತೊಂದು ವರ್ಷದಿಂದ ಆ ಆರು ಪೆಟ್ಟು ನನ್ನ ಕಿವಿಯಲ್ಲಿದೆ. ಅದನ್ನು ಕೇಳದಿರಲೆಂದೇ ನಿನ್ನ ಮೇಲೆ ಆ ಮಾತು ಎಸೆದೆ.

ನಿನ್ನಿಂದ ಅಮ್ಮ ಸಾಯಲಿಲ್ಲ. ಇಷ್ಟು ವರ್ಷ ನೀನು ಹಾಗೆಂದುಕೊಂಡೇ ಬದುಕಿದ್ದರೆ, ಆ ತಪ್ಪು ನನ್ನದು. ಹೊಟ್ಟೆಗೆ ಹಾಕಿಕೋ ಎಂದು ಕೇಳಲೂ ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಈಗ ನಿನ್ನ ವಿಷಯ. ಹೋದ ತಿಂಗಳು ಬಂದ ಪಾರ್ಸೆಲ್ಲನ್ನೂ ಹಲ್ಲಿನ ಡಾಕ್ಟರಮ್ಮ ಇಲ್ಲಿಗೇ ತಂದಳು. ಅದೇ ಕೋಟು, ಅದೇ ಗುಂಡುಸೂಜಿ. ಅಮ್ಮ ಬಿಟ್ಟಿದ್ದ ಎರಡು ಬೆರಳು ಬಟ್ಟೆಯಲ್ಲಿ ಈಗ ಉಳಿದಿರುವುದು ಅರ್ಧ ಬೆರಳು. ಬಿಚ್ಚಿದರೆ ಇನ್ನೊಂದು ಸಲಕ್ಕೆ ಆಗುತ್ತದೆ. ನಾನು ಬಿಚ್ಚಿಲ್ಲ. ಗುಂಡುಸೂಜಿಯನ್ನು ಇದ್ದಲ್ಲೇ ಬಿಟ್ಟು ಕಳಿಸುತ್ತಿದ್ದೇನೆ. ಕೋಟಿನ ಬಲ ಜೇಬಿನಲ್ಲಿ ಒಂದು ಚೀಟಿ ಇದೆ. ಅದರಲ್ಲಿ ನಿನ್ನ ಸೊಂಟದ ಅಳತೆ ಇದೆ, ಎಂಟು ವರ್ಷದ್ದು, ಕೂಡಿಸುವ ಕಳೆಯುವ ಕೆಲಸವಿಲ್ಲದ ನಿಜವಾದ ಅಂಕಿಗಳು. ಅದರ ಕೆಳಗೆ ಅಮ್ಮನ ವಯಸ್ಸು, ನನ್ನ ವಯಸ್ಸು, ನಿನ್ನ ಬಸಿರಿನ ಬಿಪಿ, ಎಲ್ಲವನ್ನೂ ಬರೆದಿದ್ದೇನೆ. ಚೀಟಿಯನ್ನು ಹಾಗೇ ಡಾಕ್ಟರ ಮುಂದೆ ಇಡು. ರಕ್ತ, ಬಿಪಿ, ಸಕ್ಕರೆ, ಏನೇನು ನೋಡಬೇಕೋ ಅವರು ನೋಡಲಿ. ದಪ್ಪವಾಗಿದ್ದೀಯ ಎಂದು ನಾನು ಹಂಗಿಸುತ್ತಿಲ್ಲ, ಮೂವತ್ತೊಂಬ­ತ್ತೂವರೆಯವಳಿಗೆ ಆ ಹಕ್ಕೂ ಇಲ್ಲ. ದಣಿವಾದರೆ ಮನೆಕೆಲಸ ಎನ್ನಬೇಡ, ಬೆನ್ನು ನೋವಾದರೆ ಹಾಸಿಗೆ ಸರಿಯಿಲ್ಲ ಎನ್ನಬೇಡ, ದವಡೆ ಹಿಡಿದರೆ ಹಲ್ಲು ಕೀಳಿಸಬೇಡ. ನಾಳೆ ನಿನ್ನ ಮಗಳು ನಿನ್ನ ಬಟ್ಟೆಯ ಹೊಲಿಗೆಯನ್ನು ಕದ್ದು ಬಿಚ್ಚುವ ಹಾಗಾಗಬಾರದು.

ನಲ್ಲಿಯವನಿಗೆ ನನ್ನ ನಮಸ್ಕಾರ ಹೇಳು. ಅಡುಗೆಮನೆಯ ಆ ನಲ್ಲಿ ಅವನು ಹೋದ ಮೇಲೆ ಒಂದು ಹನಿಯೂ ಸೋರಿಲ್ಲ ಎಂದು ತಿಳಿಸು.

ನಿನ್ನನ್ನು ಅಂಕಿ ಸಹಿತ ನೆನೆಯುವ,
ಅಕ್ಕ

ತಾ.ಕ. ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೊದಲ ಪುಟದಲ್ಲಿ ಒಂದೇ ರಕ್ತನಾಳ ಎಂದು ಬರೆದಿದ್ದೇನಲ್ಲ, ಅದರ ಪಕ್ಕದಲ್ಲಿ ಕತ್ತರಿಯ ಎರಡು ಪೆಟ್ಟು ಕೇಳಿಸಿಕೊಂಡು ಕೂಡಿಸಿಕೋ. ಬರುವ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಎದೆ ತೆರೆಯುತ್ತಾರೆ. ನನಗೆ ಭಯವಾಗುತ್ತಿದೆ ಗುಂಡಿ. ಸೋಮವಾರದ ರೈಲಿಗೆ ಬಾ. ಈ ಕೋಟನ್ನೇ ಹಾಕಿಕೊಂಡು ಬಾ. ಮುಂದೆ ಗುಂಡಿ ಕೂಡದಿದ್ದರೆ ತೆರೆದುಕೊಂಡೇ ಬಾ.